ಸೈಕಲ್ ಬಿಡುವುದು ಯಾರು?

ಸೋಮವಾರ ಸಂಜೆ ಮಳೆ ತುಸು ಹೊಳವಾದಾಗ ಮಗನ ಹಳೆಯ ಸೈಕಲನ್ನು ಕಾರಿನ ಡಿಕ್ಕಿಗೆ ತುರುಕಿಕೊಂಡು ಪೇಟೆಗೆ ಹೋದೆ. ಮುಂದಿನ ಚಕ್ರ ಆಗಲೇ ಹೊಸದು ಹಾಕಿಸಿಯಾಗಿತ್ತು, ಬ್ರೇಕ್ ಸರಿಯಿತ್ತು, ಸೀಟನ್ನು ಒರೆಸಿ ಇಟ್ಟಿದ್ದೆ. ಕೇಳುವುದಕ್ಕಿದ್ದದ್ದು ಒಂದೇ. ಹ್ಯಾಂಡಲಿನ ಬುಡದಿಂದ ಪೆಡಲಿನ ಕಡೆಗೆ ಓರೆಯಾಗಿ ಇಳಿಯುವ ದಪ್ಪ ಪೈಪು ಇದೆಯಲ್ಲ, ಅದರ ಅಡಿಯಲ್ಲಿ, ಬೆಸುಗೆಯ ಅಂಚಿಗೆ ತಾಗಿಕೊಂಡು, ಪೈಂಟಿನ ಮೇಲೆ ಕೂದಲಿನಂಥ ಒಂದು ಗೆರೆ. ಹೆಬ್ಬೆರಳಿನ ಉಗುರಿನಷ್ಟು ಉದ್ದ.

ಅಂಗಡಿಯ ಅಣ್ಣ ಸೈಕಲನ್ನು ತಲೆಕೆಳಗು ನಿಲ್ಲಿಸಿದರು. ಗೆರೆಗೆ ಅಡ್ಡವಾಗಿ ಉಗುರು ಎಳೆದರು. ಇನ್ನೊಮ್ಮೆ ಎಳೆದರು.

"ಬಿಡಬಹುದಾ?" ಅಂದೆ.

"ಏರ್ ಬುಡ್ಪುನಿ?" ಅಂದರು. ಯಾರು ಬಿಡುವುದು ಅಂತ. ತಲೆ ಎತ್ತಲಿಲ್ಲ.

"ನಮ್ಮ ಹುಡುಗ ಅಲ್ಲ," ಅಂದೆ.

ಆಗ ತಲೆ ಎತ್ತಿದರು. ಏನೂ ಹೇಳಲಿಲ್ಲ. ಕನ್ನಡಕದ ಮೇಲಿನಿಂದ ನನ್ನನ್ನು ಒಂದು ಗಳಿಗೆ ನೋಡಿ, "ಕೂತುಕೊಳ್ಳಿ ಮಾಷ್ಟ್ರೇ, ಸ್ವಲ್ಪ ಹೊತ್ತಾಗ್ತದೆ" ಎಂದು ಒಳಗೆ ಹೋದರು.

ಇವತ್ತು ಶನಿವಾರ. ಅವರು ತಲೆ ಎತ್ತಿದ್ದು ಇನ್ನೂ ಕಣ್ಣಿನಿಂದ ಹೋಗಿಲ್ಲ. ಕ್ಲಾಸಿನಲ್ಲಿ ಬೋರ್ಡಿಗೆ ಬೆನ್ನು ತಿರುಗಿಸಿದಾಗ ಬರುತ್ತದೆ, ರಾತ್ರಿ ಮಾಡಿನ ಹಂಚಿಗೆ ಮಳೆ ಹೊಡೆಯುವಾಗ ಬರುತ್ತದೆ. ಬಿಡುವುದು ಯಾರು ಎಂಬುದಕ್ಕೆ ಹದಿಮೂರು ವರ್ಷದ ಹುಡುಗ ಎನ್ನಬಹುದಿತ್ತು, ಶಾಲೆಗೆ ಹೋಗುವವನು ಎನ್ನಬಹುದಿತ್ತು. ಬಾಯಿಗೆ ಮೊದಲು ಬಂದದ್ದು ಯಾರು ಅಲ್ಲ ಎಂಬುದು.

ನಮ್ಮ ಅಡಿಕೆ ತೋಟಕ್ಕೆ ಮದ್ದು ಬಿಡಲು ಬರುವ ಅಣ್ಣನ ಮಗನಿಗೆ ಕೊಡುವುದೆಂದು ಅದರ ಹಿಂದಿನ ದಿನ, ಭಾನುವಾರ, ಹೇಳಿದ್ದೆ. ಸೈಕಲ್ ಮೇ ತಿಂಗಳ ರಜೆಯಲ್ಲಿ ಇಳಿಜಾರಿನ ತಿರುವಿನಲ್ಲಿ ಮುರಕಲ್ಲಿನ ಪಾಗಾರಕ್ಕೆ ನೇರ ಹೋಗಿ ಗುದ್ದಿತ್ತು. ನಮ್ಮ ಮಗನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಶಾಲೆ ತೆರೆಯುವಾಗ ಹೊಸದು ತೆಗೆಸಿಕೊಟ್ಟೆವು. ಸೀತಾಂಗೋಳಿಯಿಂದ ನೀರ್ಚಾಲಿಗೆ ಹೋಗುವ ದಾರಿಯ ಏರಿಳಿತ ಗೊತ್ತಿದ್ದವರು ಯಾರೂ ಗುದ್ದಿದ ಸೈಕಲನ್ನು ಮಗನ ಕೈಗೆ ಮತ್ತೆ ಕೊಡಲಾರರು. ನಾವೂ ಕೊಡಲಿಲ್ಲ. ಆ ತೀರ್ಮಾನಕ್ಕೆ ನಮಗೆ ಒಂದು ನಿಮಿಷವೂ ಬೇಕಾಗಿರಲಿಲ್ಲ.

ಅಂಗಡಿಯ ಅಣ್ಣ ಒಳಗಿನಿಂದ ತಂದದ್ದು ಹಳೆಯ ಸ್ಪೀಕರಿನ ಅಯಸ್ಕಾಂತ, ಒಂದು ಬ್ಲೇಡು, ಸೀಮೆಎಣ್ಣೆಯ ಬಾಟಲಿ ಮತ್ತು ಒಂದು ತುಂಡು ಸೀಮೆಸುಣ್ಣ. ಅಯಸ್ಕಾಂತ ಪೈಪಿಗೆ ಹಿಡಿಯಲಿಲ್ಲ. ಅಲ್ಯೂಮಿನಿಯಂ. ಮೊದಲು ಆ ಜಾಗದ ಪೈಂಟನ್ನು ಬ್ಲೇಡಿನಿಂದ ಮೆಲ್ಲಗೆ ಹೆರೆದರು. ಪೈಂಟು ಮಾತ್ರ ಒಡೆದಿದ್ದರೆ ಗೆರೆ ಪೈಂಟಿನ ಜೊತೆಗೇ ಹೋಗಬೇಕು. ಹೋಗಲಿಲ್ಲ. ಆಮೇಲೆ ಸೀಮೆಎಣ್ಣೆಗೆ ನಾಲ್ಕು ಹನಿ ಎಂಜಿನ್ ಆಯಿಲ್ ಬೆರೆಸಿ ಹಚ್ಚಿ, ಒಂದು ಚಾ ಕುಡಿಯುವಷ್ಟು ಹೊತ್ತು ಬಿಟ್ಟು, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಲೋಹದಲ್ಲಿ ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ನಿಧಾನಕ್ಕೆ ಮೇಲೆ ಬಂದು ಬಿಳಿ ಪುಡಿಯನ್ನು ನೆನೆಸುತ್ತದೆ. ಹಿಂದೆ ರೈಲ್ವೆಯ ಕಾರ್ಖಾನೆಗಳಲ್ಲಿ ಬಿರುಕು ಹಿಡಿಯುತ್ತಿದ್ದದ್ದು ಇದೇ ಉಪಾಯದಿಂದ. ನಾನು ವಿಜ್ಞಾನದ ಮಾಷ್ಟ್ರು, ಪುಸ್ತಕದಲ್ಲಿ ಓದಿದವನು. ಕಣ್ಣಾರೆ ಕಂಡದ್ದು ಮೊದಲ ಸಲ.

ಪುಡಿಯ ನಡುವೆ ಕಪ್ಪು ಗೆರೆ ಮೂಡಿತು. ನಾನು ಕಂಡಿದ್ದಕ್ಕಿಂತ ಉದ್ದ. ಬೆಸುಗೆಯ ಅಂಚು ಹಿಡಿದುಕೊಂಡು ಪೈಪಿನ ಆಚೆ ಬದಿಗೂ ತಿರುಗಿತ್ತು. ಅಣ್ಣ ನನ್ನ ತೋರುಬೆರಳನ್ನು ಹಿಡಿದು ಅದರ ಸ್ವಲ್ಪ ಹಿಂದೆ ಪೈಪಿನ ಅಡಿಗೆ ಒತ್ತಿ ಸವರಿಸಿದರು. ಅಲ್ಲಿ ಸಣ್ಣ ಉಬ್ಬು, ಬಟ್ಟೆಯ ನಿರಿಗೆಯಷ್ಟು. ಎದುರಿನಿಂದ ಗುದ್ದಿದಾಗ ಮುಂದಿನ ಫೋರ್ಕ್ ಹಿಂದಕ್ಕೆ ತಳ್ಳಿ ಪೈಪು ಮಡಚಲು ಹೊರಟ ಜಾಗ ಅದು. ಎರಡು ತಿಂಗಳು ನಮ್ಮ ಜಗಲಿಯಲ್ಲೇ ಇದ್ದ ಸೈಕಲ್. ಹೊಳೆಯುವ ನೀಲಿ ಪೈಂಟನ್ನು ನೋಡಿದ್ದೆನೇ ಹೊರತು ಬಗ್ಗಿ ಅಡಿಭಾಗಕ್ಕೆ ಬೆರಳು ಹಾಕಿರಲಿಲ್ಲ.

ಅದೇ ಪೇಟೆಯಲ್ಲಿ ವೆಲ್ಡಿಂಗಿನವರೊಬ್ಬರು ಇದ್ದಾರೆ. ಗೇಟು, ಕಿಟಕಿಯ ಸರಳು, ತೋಟದ ಪಂಪಿನ ಸ್ಟ್ಯಾಂಡು ಎಲ್ಲಕ್ಕೂ ನಾನು ಅವರನ್ನೇ ಕರೆಯುವುದು, ಕೈಕೆಲಸ ಗಟ್ಟಿ. "ಎರಡು ಟಾಕಿ ಹಾಕಿದ್ರೆ ಆನೆ ಕೂತರೂ ಹೋಗುದಿಲ್ಲ" ಅಂದರು. ತನಗೆ ಗೊತ್ತಿಲ್ಲ ಎನ್ನುವ ಮಾತು ಅವರ ಬಾಯಿಂದ ಬರುವುದಿಲ್ಲ, ಅದೊಂದು ನನಗೆ ಅವರಲ್ಲಿ ಹಿಡಿಸದ್ದು. ಕಬ್ಬಿಣದ ಗೇಟಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಸೈಕಲಿಗೆ ಬಳಸುವ 6061 ಎಂಬ ಮಿಶ್ರಲೋಹಕ್ಕೆ ಬಲ ಬರುವುದು ಕಾರ್ಖಾನೆಯಲ್ಲಿ ಅದನ್ನು ಕಾಯಿಸಿ, ಒಮ್ಮೆಗೇ ತಣಿಸಿ, ಮತ್ತೆ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟಾಗ. ಮೇಲಿನಿಂದ ಬೆಸುಗೆ ಹಾಕಿದರೆ ಪಕ್ಕದ ಲೋಹ ಆ ಹದ ಕಳೆದುಕೊಂಡು ಮೆತ್ತಗಾಗುತ್ತದೆ. ನೋಡಲು ಗಟ್ಟಿ, ಮುರಿಯುವುದು ಟಾಕಿಯ ಪಕ್ಕದಲ್ಲಿ.

ಭಾವ ಫೋನಿನಲ್ಲಿ ಬೇರೆಯೇ ಹೇಳಿದರು. "ನಾವೆಲ್ಲ ಬ್ರೇಕಿಲ್ಲದ ಸೈಕಲಿನಲ್ಲಿ ಬದಿಯಡ್ಕದ ಗುಡ್ಡ ಇಳಿದವರು, ಏನಾಯಿತು?" ಭಾವ ದೊಡ್ಡ ಮನಸ್ಸಿನವರು. ಮನೆಯ ಕಷ್ಟಕಾಲದಲ್ಲಿ ಜೊತೆಗೆ ನಿಂತವರು ಅವರೊಬ್ಬರೇ. ಆದರೆ ಈ ವಿಷಯದಲ್ಲಿ ಅವರದು ತಪ್ಪು ಎಂದು ಅವರಿಗೇ ಹೇಳಿದೆ. ಅವರು ಬಿಟ್ಟದ್ದು ಉಕ್ಕಿನ ಸೈಕಲ್, ಪೈಪುಗಳ ಸಂದಿಗೆ ಹಿತ್ತಾಳೆ ಕರಗಿಸಿ ಕೂಡಿಸಿದ್ದು. ಉಕ್ಕು ಹೆಚ್ಚಾಗಿ ಮೊದಲು ಬಾಗುತ್ತದೆ, ಹ್ಯಾಂಡಲ್ ಒಂದು ಬದಿಗೆ ಎಳೆಯುತ್ತದೆ, ಕಿರ್ ಎನ್ನುತ್ತದೆ, ನೋಡು ಎಂದು ಹೇಳಿ ಆಮೇಲೆ ಹೋಗುತ್ತದೆ. ಅಲ್ಯೂಮಿನಿಯಂ ಅಷ್ಟು ಸೂಚನೆ ಕೊಡದೆಯೂ ಹೋಗಬಹುದು.

ಇದನ್ನು ನಾನು ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ. 1842ರ ಮೇ 8ರಂದು ಫ್ರಾನ್ಸಿನ ವರ್ಸೈಯಿಂದ ಹೊರಟ ರೈಲಿನ ಎಂಜಿನ್ನಿನ ಅಚ್ಚು ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ಆಮೇಲಿನ ದಶಕಗಳಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಅಚ್ಚುಗಳನ್ನು ಲಕ್ಷಗಟ್ಟಲೆ ಸಲ ಬಾಗಿಸಿ ನೋಡಿ, ಒಂದು ದೊಡ್ಡ ಭಾರ ಮುರಿಯದ್ದನ್ನು ಚಿಕ್ಕ ಭಾರ ಮತ್ತೆ ಮತ್ತೆ ಬಿದ್ದು ಮುರಿಯುತ್ತದೆ ಎಂದು ತೋರಿಸಿದರು. ಉಕ್ಕಿಗೆ ಒಂದು ಮಿತಿ ಇದೆ, ಅದಕ್ಕಿಂತ ಕೆಳಗಿನ ಹೊರೆಯನ್ನು ಎಷ್ಟು ಸಲ ಹೇರಿದರೂ ತಡೆಯುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿ ಇಲ್ಲ. ರಸ್ತೆಯ ಪ್ರತಿ ಗುಂಡಿಯೂ ಅದರ ಲೆಕ್ಕಕ್ಕೆ ಸೇರುತ್ತದೆ. ಇಷ್ಟೆಲ್ಲ ಬಲ್ಲವನು ಆ ಸಂಜೆ "ನಮ್ಮ ಹುಡುಗ ಅಲ್ಲ" ಅಂದೆ. ತಿಳಿವಳಿಕೆ ಕಡಿಮೆಯಾಗಿ ಬಂದ ಮಾತಲ್ಲ ಅದು, ಅದಕ್ಕೇ ಹೆಚ್ಚು ನೋಯುತ್ತದೆ.

ಮಂಗಳವಾರ ರಾತ್ರಿ ಕೂತು ಯೋಚಿಸಿದೆ, ನಮ್ಮ ಮನೆಯಿಂದ ಏನೇನು ಕೊಟ್ಟಿದ್ದೇವೆ ಎಂದು. ಸ್ವಿಚ್ಚು ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಮೂಲೆಗಿಟ್ಟ ಮಿಕ್ಸಿ. ಗಾಜು ಗೀಚಿದ ಹೆಲ್ಮೆಟ್, ಒಮ್ಮೆ ಬಿದ್ದದ್ದು. ತೊಗೊಂಡವರು ಕೈಮುಗಿದು ತೊಗೊಂಡರು. ಕೊಟ್ಟ ದಿನ ನಮಗೆ ಮನಸ್ಸಿಗೆ ಹಿತವಾಗಿತ್ತು. ಮಿಕ್ಸಿಯ ಜುಮ್ಮೆನ್ನುವುದನ್ನು ಹೇಳಿ ಕೊಟ್ಟೆವೋ ಇಲ್ಲವೋ ಎಂದು ಹೆಂಡತಿಯನ್ನು ಕೇಳಿದೆ. ಅವಳಿಗೂ ನೆನಪಾಗಲಿಲ್ಲ. ಬೆಳಿಗ್ಗೆ ಅವಳೇ ಆ ಮನೆಗೆ ಫೋನ್ ಮಾಡಿದಳು.

ಬುಧವಾರ ತೋಟದ ಅಣ್ಣ ಮದ್ದು ಬಿಡಲು ಬಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೆರೆಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಅರ್ಥ. ಮರ ಹತ್ತುವ ಮೊದಲು ಬುಡಕ್ಕೆ ಕತ್ತಿಯ ಹಿಂಬದಿಯಿಂದ ಎರಡು ಪೆಟ್ಟು ಹೊಡೆದು ಕಿವಿಗೊಡುತ್ತಾರೆ. ಕಳೆದ ವರ್ಷ ತೋಡಿನ ಬದಿಯ ಒಂದು ಮರಕ್ಕೆ ಹಾಗೆ ಹೊಡೆದು, ಇದಕ್ಕೆ ಹತ್ತುವುದಿಲ್ಲ ಅಂದಿದ್ದರು. ಒಳ್ಳೆಯ ಗೊನೆ ಇತ್ತು, ನನಗೆ ಸ್ವಲ್ಪ ಬೇಸರವಾಗಿತ್ತು. ಮುಂದಿನ ವಾರ ಕೊಯ್ಲಿಗೆ ಬೇರೊಬ್ಬರು ಬಂದಾಗ, ಕರೆಯದಿದ್ದರೂ ಬಂದು ಆ ಮರವನ್ನು ಅವರಿಗೆ ತೋರಿಸಿ ಹೋಗಿದ್ದರು.

ಅವರನ್ನು ಜಗಲಿಗೆ ಕರೆದು ಹೆರೆದ ಜಾಗ ತೋರಿಸಿದೆ. ಸೈಕಲ್ ಕೊಡಲಾಗುವುದಿಲ್ಲ ಅಂದೆ. ಬಗ್ಗಿ ನೋಡಿದರು, ಬೆರಳಿನ ಗೆಣ್ಣಿನಿಂದ ಪೈಪಿಗೆ ಎರಡು ಸಲ ಕುಟ್ಟಿದರು.

"ಅವನಿಗೆ ಹೇಳಿಯಾಗಿದೆ ಮಾಷ್ಟ್ರೇ," ಅಂದರು. ಅಷ್ಟೇ.

ಅಂಗಡಿಯಲ್ಲಿ ನಾನು ಆಡಿದ್ದನ್ನು ಅವರಿಗೆ ಹೇಳಬೇಕೆಂದು ಬಾಯಿ ತೆರೆದೆ. ಹೇಳಲಿಲ್ಲ. ಇನ್ನೂ ಹೇಳಿಲ್ಲ.

ನಿನ್ನೆ ಚಕ್ರ, ಪೆಡಲು, ಸೀಟು ಬಿಚ್ಚಿ ತೆಗೆದು ಫ್ರೇಮನ್ನು ಗರಗಸದಲ್ಲಿ ನಡುವಿಗೆ ಎರಡು ತುಂಡು ಮಾಡಿದೆ. ಇಡಿಯಾಗಿ ಗುಜರಿಗೆ ಹಾಕಿದರೆ ಯಾರಾದರೂ ಟಾಕಿ ಹಾಕಿ, ನೀಲಿ ಪೈಂಟು ಹೊಡೆದು ಮಾರುತ್ತಾರೆ.

ಅಂಗಡಿಯ ಅಣ್ಣನಲ್ಲಿ ಉಕ್ಕಿನ ಹಳೆಯ ಫ್ರೇಮ್ ಒಂದಿತ್ತು. ಇವತ್ತು ಬೆಳಿಗ್ಗೆ ತೋಟದ ಅಣ್ಣನ ಹುಡುಗನನ್ನು ಕರೆದುಕೊಂಡು ಹೋದೆ. ಒಳಗೆ ತುಕ್ಕು ತಿಂದಿದೆಯೋ ಎಂದು ಸೀಟಿನ ಕಂಬ ತೆಗೆದು ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ಹಿಂದಿನ ಚಕ್ರ ಕೂರುವ ಒಂದು ಬದಿಯಿಂದ ನೂಲು ಕಟ್ಟಿ, ಹ್ಯಾಂಡಲಿನ ಪೈಪನ್ನು ಸುತ್ತಿಸಿ, ಇನ್ನೊಂದು ಬದಿಗೆ ಬಿಗಿಯಾಗಿ ಎಳೆದರು. ಸೀಟಿನ ಪೈಪಿನಿಂದ ನೂಲಿಗೆ ಎರಡೂ ಕಡೆ ಒಂದೇ ಅಂತರ ಬರಬೇಕು, ಬರದಿದ್ದರೆ ಫ್ರೇಮ್ ಸೊಟ್ಟ. ನೂಲಿನ ತುದಿ ಹಿಡಿದದ್ದು ಹುಡುಗ. ಅಳತೆ ಎಡಕ್ಕೂ ಬಲಕ್ಕೂ ಒಂದೇ ಬಂತು.

"ಸರಿ ಉಂಟು," ಅಂದರು ಅಣ್ಣ, ಸ್ಕೇಲು ಕೆಳಗಿಟ್ಟು.

ಹುಡುಗ ನೂಲು ಬಿಡಲಿಲ್ಲ. "ಇನ್ನೊಂದು ಸಲ ಅಳೀರಿ," ಅಂದ.

ಅಣ್ಣ ಸ್ಕೇಲು ಮತ್ತೆ ಎತ್ತಿಕೊಂಡರು.