ಏರುಮಡಿ ಎಷ್ಟು ಎತ್ತರ ಇರಬೇಕು?

ನಾನು ಹಿತ್ತಲಲ್ಲಿ ತರಕಾರಿ ಬೆಳೆಯುತ್ತೇನೆ ಎಂದು ಗೊತ್ತಿರುವವರು ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತರೂ, ಬೇರೆ ಯಾವುದೋ ಕೆಲಸಕ್ಕೆ ಫೋನ್ ಮಾಡಿದರೂ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಗೇ: "ಮನೆ ಹಿಂದೆ ಸ್ವಲ್ಪ ಜಾಗ ಇದೆ, ಏರುಮಡಿ ಮಾಡ್ಬೇಕು ಅಂತಿದ್ದೀವಿ. ಎಷ್ಟು ಎತ್ತರ ಕಟ್ಟಿಸೋದು?" ಕೆಲವರು ಅಷ್ಟರಲ್ಲಿ ಮೇಸ್ತ್ರಿಯನ್ನು ಗೊತ್ತುಮಾಡಿ, ಸಿಮೆಂಟ್ ಬ್ಲಾಕನ್ನೂ ಇಳಿಸಿಕೊಂಡಿರುತ್ತಾರೆ.

ಏರುಮಡಿ ಎಂದರೆ ಓಡಾಡುವ ದಾರಿಗಿಂತ ಎತ್ತರಿಸಿದ ತರಕಾರಿ ಪಾತಿ. ಊರಿನ ಮಳೆ ನೋಡದೆ, ಹಿತ್ತಲಿನ ಮಣ್ಣು ನೋಡದೆ ಅದರ ಎತ್ತರ ಹೇಳಲು ಬರುವುದಿಲ್ಲ. ಮಲೆನಾಡಿನ ಸಾಗರದಲ್ಲಿರುವ ನನ್ನ ಹಿತ್ತಲಿಗೆ ಒಂದಡಿ ಬೇಕೇ ಬೇಕು. ಮೈಸೂರಿನ ತಂಗಿಯ ಸೈಟಿಗೆ ಅರ್ಧ ಅಡಿ ಧಾರಾಳ. ಚಳ್ಳಕೆರೆಯಲ್ಲಿರುವ ಭಾವನವರಿಗೆ ನಾನು ಹೇಳಿದ್ದು, "ಭಾವಾ, ಏರಿಸಲೇ ಬೇಡಿ, ತಗ್ಗಿಸಿ" ಎಂದು. ಅವರು ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

ನಾವೆಲ್ಲ ನೋಡುವ ವಿಡಿಯೋಗಳು ಇಂಗ್ಲೆಂಡಿನವು, ಅಮೆರಿಕದವು. ಅಲ್ಲಿ ಚಳಿಗಾಲದಲ್ಲಿ ನೆಲ ಮರಗಟ್ಟುತ್ತದೆ. ಎತ್ತರದ ಮಡಿಯ ಮಣ್ಣು ನೆಲಕ್ಕಿಂತ ಬೇಗ ಬೆಚ್ಚಗಾಗುತ್ತದೆ, ಅದರಿಂದ ಅವರಿಗೆ ಬಿತ್ತನೆಗೆ ಕೆಲವು ವಾರ ಹೆಚ್ಚಿಗೆ ಸಿಗುತ್ತದೆ. ನಮ್ಮಲ್ಲಿ ಮಣ್ಣು ಬೆಚ್ಚಗಾಗಲಿ ಎಂದು ಕಾಯುವವರು ಯಾರೂ ಇಲ್ಲ. ಏಪ್ರಿಲ್ ಮಧ್ಯಾಹ್ನ ಎರಡಡಿ ಎತ್ತರದ ಸಿಮೆಂಟ್ ಮಡಿಯ ಪಡುವಣ ಗೋಡೆ ಮುಟ್ಟಿ ನೋಡಿ, ಕೈ ಸುಡುತ್ತದೆ. ಆ ಗೋಡೆಗೆ ತಾಗಿಕೊಂಡಿರುವ ಬೇರಿನ ಪಾಡೇನು? ನೆಲದ ಮಣ್ಣು ನೀರು ಬಿಟ್ಟುಕೊಡುವುದು ಮೇಲ್ಮೈಯಿಂದ ಮಾತ್ರ. ಎತ್ತರಿಸಿದ ಮಡಿ ನಾಲ್ಕು ಪಕ್ಕಗಳಿಂದಲೂ ಕಳೆದುಕೊಳ್ಳುತ್ತದೆ. ಬೆನ್ನುನೋವಿಗೆ, ಮೊಣಕಾಲು ನೋವಿಗೆ ಎತ್ತರ ಬೇಕು ಎನ್ನುವವರ ಮಾತು ಬೇರೆ. ಅವರು ಎರಡಡಿಯಾದರೂ ಕಟ್ಟಿಸಲಿ, ಆದರೆ ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಹಾಕುವ ತಯಾರಿಯೂ ಇರಲಿ.

ಮಲೆನಾಡು, ಕರಾವಳಿಯಲ್ಲಿ ಮಡಿ ಏರಿಸುವುದು ಬೇರಿಗೆ ಉಸಿರಾಡಲು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಸುರಿಯುವ ಕಡೆ ಮಣ್ಣಿನ ಸಂದುಗಳಲ್ಲಿರುವ ಗಾಳಿಯನ್ನು ನೀರು ಹೊರಗೆ ತಳ್ಳಿಬಿಡುತ್ತದೆ. ಗಾಳಿ ಸಿಗದ ಬೇರು ಮೊದಲು ಕೆಲಸ ನಿಲ್ಲಿಸುತ್ತದೆ, ಆಮೇಲೆ ಕೊಳೆಯುತ್ತದೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡಿದ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ತರಕಾರಿ ಮಡಿಗೂ ಅದೇ ಉಪಾಯ ಸಾಕು, ಲೋಡುಗಟ್ಟಲೆ ಮಣ್ಣು ತರಿಸಬೇಕಿಲ್ಲ. ನಾಲ್ಕಡಿ ಮಡಿ, ಎರಡಡಿ ದಾರಿ ಎಂದು ಹಗ್ಗ ಕಟ್ಟಿ ಗುರುತು ಮಾಡಿ, ದಾರಿಯ ಮಣ್ಣನ್ನು ಅರ್ಧ ಅಡಿ ಅಗೆದು ಎರಡೂ ಪಕ್ಕದ ಮಡಿಗಳಿಗೆ ಎಸೆಯಿರಿ. ದಾರಿ ಆರಿಂಚು ತಗ್ಗಿತು, ಮಡಿ ಮೂರು ನಾಲ್ಕಿಂಚು ಏರಿತು. ಮೇಲೆ ಎರಡು ಮೂರಿಂಚು ಗೊಬ್ಬರ ಬಿದ್ದರೆ ಒಂದಡಿ ಅಂತರ ಆಗಿಯೇ ಹೋಯಿತು. ಆ ದಾರಿಗಳ ನೀರು ಹಿತ್ತಲಿನ ತಗ್ಗಿನ ಕಡೆಗೆ ಹರಿದು ಹೋಗುವ ಹಾಗಿರಬೇಕು. ಇಲ್ಲದಿದ್ದರೆ ಅದು ದಾರಿಯಾಗಿ ಉಳಿಯುವುದಿಲ್ಲ, ಕಪ್ಪೆ ಸಾಕಿದ ಹಾಗೆ ಆಗುತ್ತದೆ.

ನಿಮ್ಮ ಜಾಗ ಯಾವ ಥರದ್ದು ಎಂದು ಅನುಮಾನವಿದ್ದರೆ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಈ ಎರಡನೇ ಸಲದ್ದೇ ಲೆಕ್ಕ. ಒಂದೆರಡು ತಾಸಿನಲ್ಲಿ ಇಂಗಿದರೆ ಎತ್ತರದ ಚಿಂತೆ ಬಿಡಿ. ಸಂಜೆ ತುಂಬಿದ ನೀರು ಬೆಳಗ್ಗೆಯೂ ನಿಂತಿದ್ದರೆ ಏರುಮಡಿ ಇಲ್ಲದೆ ಅಲ್ಲಿ ಟೊಮೆಟೊ ಕನಸು ಕಾಣಬೇಡಿ.

ಚಳ್ಳಕೆರೆ ಕಡೆ ವರ್ಷವಿಡೀ ಬೀಳುವ ಮಳೆ 500 ಮಿ.ಮೀ. ಆಸುಪಾಸು. ಆಗುಂಬೆಯಲ್ಲಿ 7000 ದಾಟುತ್ತದೆ. ಈ ಎರಡು ಊರಿಗೂ ಒಂದೇ ನಕ್ಷೆ ಕೊಟ್ಟರೆ ಹೇಗೆ? ಒಣಸೀಮೆಯಲ್ಲಿ ಮಡಿಯನ್ನು ದಾರಿಗಿಂತ ಮೂರು ನಾಲ್ಕಿಂಚು ತಗ್ಗಿಸಿ, ತೆಗೆದ ಮಣ್ಣಿನಲ್ಲೇ ಸುತ್ತ ಬದು ಹಾಕಿದರೆ ಬಿದ್ದ ಹನಿ ಅಲ್ಲೇ ಇಂಗುತ್ತದೆ. ಎರೆಮಣ್ಣಾದರೆ ಮಾತ್ರ ಹಿಂಗಾರಿನಲ್ಲಿ ನೀರು ನಿಂತು ಕಾಡುತ್ತದೆ. ಅಲ್ಲಿ ಅಗಲವಾದ, ತೀರಾ ಕಡಿಮೆ ಎತ್ತರದ ಮಡಿ ಒಳ್ಳೆಯದು.

ಎತ್ತರಕ್ಕಿಂತ ಮೊದಲು ಕೇಳಬೇಕಾದದ್ದನ್ನು ಯಾರೂ ಕೇಳುವುದಿಲ್ಲ: ಬಿಸಿಲು. ಹಣ್ಣು ಕಾಯಿ ಬಿಡುವ ಯಾವ ತರಕಾರಿಗೂ ದಿನಕ್ಕೆ ಆರು ತಾಸಿನ ನೇರ ಬಿಸಿಲು ಬೇಕು, ಸೊಪ್ಪಿಗೆ ನಾಲ್ಕಾದರೂ ಬೇಕು. ಮೇ ತಿಂಗಳಲ್ಲಿ ನೋಡಿ "ಇಲ್ಲಿ ಒಳ್ಳೆ ಬಿಸಿಲಿದೆ" ಎಂದು ಮನೆಯ ಬಡಗಣ ದಿಕ್ಕಿಗೆ ಮಡಿ ಹಾಕಿದವರು ಡಿಸೆಂಬರಿನಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಪತ್ರಿಕೆಗಳಲ್ಲಿ ಶೂನ್ಯ ನೆರಳಿನ ದಿನ ಎಂದು ಬರುತ್ತದಲ್ಲ, ಅದೇ. ಆ ಎರಡು ದಿನಗಳ ನಡುವೆ ಸೂರ್ಯ ನಮಗೆ ತುಸು ಉತ್ತರಕ್ಕಿರುತ್ತಾನೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಲ್ಲೂ ಅವನು ಏರುವುದು 53 ಡಿಗ್ರಿಯಷ್ಟೇ. 20 ಅಡಿ ಎತ್ತರದ ಮನೆಯ ನೆರಳು ಆಗ ಬಡಗಣಕ್ಕೆ 15 ಅಡಿ ಚಾಚುತ್ತದೆ. ಟೊಮೆಟೊ, ಕೋಸು, ಬೀನ್ಸ್ ಚೆನ್ನಾಗಿ ಬರುವ ಕಾಲವೇ ಅದು! ಹಾಗಾಗಿ ಮಡಿಗೆ ಮನೆಯ ತೆಂಕಣ ಅಥವಾ ಮೂಡಣ ಬದಿ ಸಿಕ್ಕರೆ ಪುಣ್ಯ. ಹೀರೆ, ಹಾಗಲ, ಪಡವಲದ ಚಪ್ಪರ ಮಾತ್ರ ಹಿತ್ತಲಿನ ಬಡಗಣ ಅಂಚಿಗಿರಲಿ, ಸೂರ್ಯ ದಕ್ಷಿಣಕ್ಕಿರುವ ತಿಂಗಳುಗಳಲ್ಲಿ ಅದರ ನೆರಳು ಮಡಿಗಳ ಮೇಲೆ ಬೀಳದು.

ಅಗಲದ ವಿಷಯದಲ್ಲಿ ಟೇಪಿಗಿಂತ ನಿಮ್ಮ ತೋಳನ್ನೇ ನಂಬಿ. ದಾರಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದರೆ ಮಡಿಯ ನಟ್ಟನಡುವೆ ಇರುವ ಕಳೆ ಕೀಳಲು ಬರಬೇಕು. ಹೆಚ್ಚಿನವರಿಗೆ ಅದು ಮೂರೂವರೆ, ನಾಲ್ಕಡಿ ಅಗಲಕ್ಕೆ ಸರಿಹೋಗುತ್ತದೆ, ವಯಸ್ಸಾದವರಿಗೆ ಮೂರಡಿ. ಗೋಡೆಗೆ ತಾಗಿಸಿದ ಮಡಿಯಾದರೆ ಒಂದೇ ಕಡೆಯಿಂದ ಕೈ ಹೋಗುವುದು, ಎರಡಡಿಗೆ ನಿಲ್ಲಿಸಿ. ಮಡಿಯ ಮಣ್ಣನ್ನು ಒಮ್ಮೆಯೂ ತುಳಿಯಬಾರದು ಎನ್ನುವುದೇ ಇದರ ಹಿಂದಿರುವ ಲೆಕ್ಕ. ತುಳಿದ ಮಣ್ಣು ಗಟ್ಟಿಯಾದರೆ ಏರಿಸಿದ್ದೂ ದಂಡ. ಉದ್ದ ಹತ್ತಡಿ ದಾಟಿದರೆ ಸುತ್ತಿ ಹೋಗುವ ತಾಳ್ಮೆ ಮನೆಯಲ್ಲಿ ಯಾರಿಗೂ ಇರುವುದಿಲ್ಲ, ನಡುವೆ ಹಾರುತ್ತಾರೆ. ದಾರಿ ಒಂದೂವರೆ ಅಡಿ ಸಾಕು ಎಂದು ಎಲ್ಲ ಕಡೆ ಬರೆದಿರುತ್ತದೆ. ಅದು ನಿಂತು ಕೆಲಸ ಮಾಡುವವರ ಅಳತೆ. ನಮ್ಮಮ್ಮ ಸೀರೆ ಎತ್ತಿಕಟ್ಟಿ, ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂರಲು ಎರಡಡಿ ಬೇಕು.

ಅಂಚಿಗೆ ಏನು ಇಡುವುದು? ಹಲಗೆ ಬೇಡ. ಮಲೆನಾಡಿನ ಮಳೆಗೆ ಅದು ಕೊಳೆಯುತ್ತದೆ, ಬಯಲುಸೀಮೆಯಲ್ಲಿ ಗೆದ್ದಲು ತಿನ್ನುತ್ತದೆ. ಮಡಿಯ ತಳಕ್ಕೆ ಮರದ ದಿಮ್ಮಿ ತುಂಬಿಸುವ ಹೊಸ ಖಯಾಲಿಯನ್ನೂ ನಾನು ಇದೇ ಕಾರಣಕ್ಕೆ ಒಪ್ಪುವುದಿಲ್ಲ, ಅದರಲ್ಲೂ ಮನೆಯ ಗೋಡೆ ಹತ್ತಿರ ಇದ್ದಾಗ. ನಾನು ಬಳಸುವುದು ಹಳೆಯ ಮಂಗಳೂರು ಹಂಚು. ಮನೆಗೆ ತಾರಸಿ ಹಾಕಿಸಿದವರ ಹಿತ್ತಲಲ್ಲಿ ರಾಶಿ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ಹಗ್ಗದ ಗುರುತಿನ ಗುಂಟ ಗುದ್ದಲಿಯಿಂದ ಸಣ್ಣ ಸೀಳು ತೆಗೆದು, ಹಂಚನ್ನು ಉದ್ದುದ್ದಕ್ಕೆ ನಿಲ್ಲಿಸಿ, ಮೂರರಲ್ಲೊಂದು ಪಾಲು ಮಣ್ಣೊಳಗೆ ಹುಗಿದು ಎರಡೂ ಕಡೆ ಕಾಲಿನಿಂದ ಮೆಟ್ಟಬೇಕು. ಒಂದರ ಅಂಚು ಇನ್ನೊಂದರ ಮೇಲೆ ಒಂದಿಂಚು ಬರುವ ಹಾಗೆ ಇಟ್ಟರೆ ಮಣ್ಣು ಸೋರುವುದಿಲ್ಲ, ನೀರು ಮಾತ್ರ ಸಂದಿನಿಂದ ಹೊರಗೆ ಬರುತ್ತದೆ. ಜುಲೈ ಹೊತ್ತಿಗೆ ಪಾಚಿ ಹಿಡಿದು ಹಸಿರಾಗುತ್ತದೆ. ಹಂಚು ಸಿಗದಿದ್ದರೆ ಅಡಿಕೆ ಮರ ಸೀಳಿದ ದಬ್ಬೆ, ಬೆಂಗಳೂರು ಕಡೆ ಸೈಜುಗಲ್ಲು, ಇಲ್ಲವೇ ಅಂಚೇ ಇಲ್ಲದ ಇಳಿಜಾರು ಮಣ್ಣಿನ ಮಡಿ. ಗಾರೆ ಹಾಕಿ ಕಟ್ಟಿಸುವುದಾದರೆ ತಳಕ್ಕೆ ಕಾಂಕ್ರೀಟ್ ಹಾಕಿಸಬೇಡಿ, ಗೋಡೆಯ ಬುಡದಲ್ಲಿ ನೀರು ಹೋಗಲು ಕಿಂಡಿ ಬಿಡಿಸಿ.

ಹೊರಗಿನಿಂದಲೇ ಮಣ್ಣು ತರಿಸಬೇಕಾದವರು ಮೊದಲು ಲೆಕ್ಕ ಹಾಕಿ. ಹತ್ತಡಿ ಉದ್ದ, ನಾಲ್ಕಡಿ ಅಗಲ, ಒಂದಡಿ ಎತ್ತರ ಎಂದರೆ 40 ಘನ ಅಡಿ. ನೆನೆದ ಮಣ್ಣು ಘನ ಅಡಿಗೆ 45ರಿಂದ 50 ಕೆ.ಜಿ. ತೂಗುತ್ತದೆ, ಒಂದೇ ಮಡಿ ಎರಡು ಟನ್ನಿನ ಹತ್ತಿರ. ಪಾಯ ತೋಡಿದ ಆಳದ ಕೆಂಪು ಮಣ್ಣನ್ನು "ಗಾರ್ಡನ್ ಮಣ್ಣು" ಎಂದು ಮಾರುವವರಿದ್ದಾರೆ. ನೋಡಲು ಚೆಂದ, ಒಳಗೆ ಜೀವ ಇರುವುದಿಲ್ಲ. ಮೇಲ್ಮಣ್ಣು ಮೂರು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಜಿಗಟು ಮಣ್ಣಾದರೆ ಸ್ವಲ್ಪ ಮರಳು, ಮಡಿಗೆ ಒಂದೆರಡು ಕೆ.ಜಿ. ಬೇವಿನ ಹಿಂಡಿ, ಇಷ್ಟು ಸಾಕು. ತೆಂಗಿನ ನಾರಿನ ಪುಡಿ ಕುಂಡಕ್ಕೆ ಒಳ್ಳೆಯದು. ಮಳೆನಾಡಿನ ಮಡಿಗೆ ಅದನ್ನು ತುಂಬಿಸುವುದೆಂದರೆ, ನೀರು ಹೋಗಲೆಂದು ಮಡಿ ಏರಿಸಿ ಮತ್ತೆ ಒಳಗೆ ಸ್ಪಂಜು ಇಟ್ಟಂತೆ. ಮಲೆನಾಡಿನ ಮಣ್ಣು ಹೆಚ್ಚಾಗಿ ಹುಳಿ, ಸುಣ್ಣ ಬೇಡುತ್ತದೆ. ಎಷ್ಟು ಎನ್ನುವುದನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ತೂಕದ ಮಾತು ಬಂದದ್ದರಿಂದ ತಾರಸಿಯವರಿಗೆ ಒಂದು ಮಾತು. ಒಂದಡಿ ನೆನೆದ ಮಣ್ಣು ಪ್ರತಿ ಚದರ ಮೀಟರಿಗೆ 480 ಕೆ.ಜಿ.ಯಷ್ಟು ಭಾರ ಹಾಕುತ್ತದೆ. ಓಡಾಡುವ ತಾರಸಿಗೆ ಭಾರತೀಯ ಮಾನಕ (ಐಎಸ್ 875, ಎರಡನೇ ಭಾಗ) ಲೆಕ್ಕ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ. ಮಾತ್ರ. ಮನೆ ಕಟ್ಟಿದ ಎಂಜಿನಿಯರನ್ನು ಕೇಳದೆ ಮೇಲೆ ಮಡಿ ಕಟ್ಟಿಸಬೇಡಿ. ಗೋಡೆ, ತೊಲೆಗಳ ನೇರಕ್ಕೆ ಹಗುರ ಮಿಶ್ರಣದ ಗ್ರೋಬ್ಯಾಗ್ ಇಟ್ಟುಕೊಳ್ಳಿ.

ಯಾವ ಮಡಿಗೆ ಯಾವ ಬೆಳೆ ಎನ್ನುವುದಕ್ಕೆ ನಾನು ದೊಡ್ಡ ನಕ್ಷೆ ಬರೆಯುವವನಲ್ಲ. ಹರಿವೆ, ಮೆಂತ್ಯ, ಕೊತ್ತಂಬರಿಗೆ ಅರ್ಧ ಅಡಿ ಸಡಿಲ ಮಣ್ಣು ಸಾಕು, ತಿಂಗಳೊಳಗೆ ಜಾಗ ಖಾಲಿ ಮಾಡುತ್ತವೆ. ಮೂಲಂಗಿಗೆ ನಲವತ್ತು ನಲವತ್ತೈದು ದಿನ. ನುಗ್ಗೆ, ಕರಿಬೇವು, ತೊಂಡೆ ವರ್ಷಗಟ್ಟಲೆ ಕೂರುವವು, ಮಡಿಯೊಳಗೆ ಬಿಟ್ಟುಕೊಳ್ಳಬೇಡಿ. ಕಟ್ಟುನಿಟ್ಟಾಗಿ ನೋಡಬೇಕಾದ್ದು ಒಂದೇ: ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ನಾಲ್ಕೂ ಒಂದೇ ಕುಲ, ಒಂದರ ಮಡಿಗೆ ಮುಂದಿನ ಸಲ ಇನ್ನೊಂದನ್ನು ತರಬಾರದು. ನಮ್ಮ ಕಡೆ ಸೊರಗು ರೋಗ ಜಾಸ್ತಿ. ಬೆಳಗ್ಗೆ ಚೆನ್ನಾಗಿದ್ದ ಗಿಡ ಎಲೆ ಹಳದಿಯಾಗದೆಯೇ ಜೋತುಬಿದ್ದರೆ ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿಗೆ ಇಳಿಬಿಡಿ. ಕತ್ತರಿಸಿದ ಬಾಯಿಂದ ಹಾಲಿನಂಥ ಬಿಳಿ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು. ಗಿಡವನ್ನು ಬೇರುಸಮೇತ ತೆಗೆದು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಮಡಿಗೆ ಒಂದೆರಡು ವರ್ಷ ಜೋಳ, ಬೀನ್ಸ್, ಸೊಪ್ಪು ಇಷ್ಟೇ. ಟೊಮೆಟೊ ಬೇಕೇ ಬೇಕೆಂದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಇದೆ, ಸೊರಗನ್ನೂ ಎಲೆಸುರುಳಿ ನಂಜನ್ನೂ ತಡೆದುಕೊಳ್ಳುತ್ತದೆ. ಹೈಬ್ರಿಡ್ ಆದ್ದರಿಂದ ಅದರ ಬೀಜ ಎತ್ತಿಡುವ ಹಾಗಿಲ್ಲ.

ಎಷ್ಟು ಮಡಿ ಮಾಡಬೇಕು ಎಂಬುದನ್ನು ನೀರು ಹೊರುವವರನ್ನು ಕೇಳಿ ತೀರ್ಮಾನಿಸಿ. ಬೇಸಿಗೆಯಲ್ಲಿ ದಿನಕ್ಕೆ ಐದು ಮಿ.ಮೀ. ನೀರು ಹಿಡಿದರೆ, ನಾನು ಹೇಳಿದ ಅಳತೆಯ ಒಂದು ಮಡಿಗೆ 18, 20 ಲೀಟರ್, ಒಂದು ಪ್ಲಾಸ್ಟಿಕ್ ಕೊಡಕ್ಕಿಂತ ಸ್ವಲ್ಪ ಹೆಚ್ಚು. ಐದು ಮಡಿಗೆ ನೂರು ಲೀಟರ್, ದಿನಾ, ಮಳೆ ಬರುವ ತನಕ. ದರಕನ್ನೋ (ಉದುರಿದ ಒಣ ಎಲೆ) ಒಣಹುಲ್ಲನ್ನೋ ಎರಡು ಮೂರಿಂಚು ಹೊದಿಸಿದರೆ ಇದು ಎಷ್ಟೋ ಇಳಿಯುತ್ತದೆ. ಮಳೆಗಾಲದಲ್ಲೂ ಹೊದಿಕೆ ಇರಲಿ, ಇಲ್ಲದಿದ್ದರೆ ಹನಿಯ ಹೊಡೆತಕ್ಕೆ ಕೆಸರು ಸಿಡಿದು ಎಲೆಯಡಿಗೆ ಮೆತ್ತಿಕೊಳ್ಳುತ್ತದೆ, ರೋಗ ಏರುವುದೂ ಹಾಗೆಯೇ. ಬಸವನಹುಳದ ಕಾಟವಿದ್ದ ಕಡೆ ಮಾತ್ರ ಬುಡದಿಂದ ಒಂದು ಗೇಣು ಬಿಟ್ಟು ಹೊದಿಸಬೇಕು.

ಮಲೆನಾಡಿನವರು ಮೇ ತಿಂಗಳ ಮೊದಲ ಮಳೆಗೆ ಮಣ್ಣು ಮೆತ್ತಗಾದ ಕೂಡಲೇ ಮಡಿ ಎತ್ತಿ, ತಿಂಗಳ ಕೊನೆಗೆ ಬೆಂಡೆ, ಸೌತೆ, ಹೀರೆ ಬೀಜ ಊರಬಹುದು. ಟೊಮೆಟೊ, ಕೋಸಿನ ಸಸಿಗೆ ದೀಪಾವಳಿ ಕಳೆಯಲಿ. ಮೈಸೂರು, ಬೆಂಗಳೂರಿನವರಿಗೆ ಅಷ್ಟು ಅವಸರವಿಲ್ಲ. ಜೂನ್‌ನಲ್ಲಿ ಮಡಿ ಮಾಡಿ ಮೊದಲು ಹಸಿರೆಲೆ ಗೊಬ್ಬರಕ್ಕೆಂದು ಸೆಣಬು ಬಿತ್ತಿ, ಹೂ ಕಾಣುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಕತ್ತರಿಸಿ ಮಣ್ಣಿಗೇ ಸೇರಿಸಿಬಿಡಿ. ಅದು ಕಳಿಯಲು ಎರಡು ಮೂರು ವಾರ ಕೊಟ್ಟು ಆಮೇಲೆ ತರಕಾರಿ ಹಾಕಿ.