ಬಾಲ ನಿಲ್ಲಿಸದ ಅತಿಥಿ

ಇವತ್ತು ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸಿಕ್ಕಾಪಟ್ಟೆ ಮಂಜು. ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ನೀರಿನ ಮೇಲೆ ಯಾರೋ ಬಿಟ್ಟುಹೋದ ಮೂಟೆಗಳ ಹಾಗೆ ಕಾಣುತ್ತಿದ್ದವು. ಬೈನಾಕ್ಯುಲರ್ ಗಾಜನ್ನು ಸ್ವೆಟರ್ ತುದಿಯಲ್ಲಿ ಒರೆಸಿದ್ದೇ ಒರೆಸಿದ್ದು. (ಹಾಗೆ ಒರೆಸಬಾರದು, ಗೊತ್ತು.)

ಕೊನೆಗೆ ಹಕ್ಕಿ ಸಿಕ್ಕಿದ್ದು ಕಾಲ ಬುಡದಲ್ಲೇ. ಬೂದು ಬೆನ್ನು, ಬಾಲದ ಕೆಳಗೆ ನಿಂಬೆಹಣ್ಣಿನ ಹಳದಿ. ಎರಡು ಹೆಜ್ಜೆ ಓಡುವುದು, ನಿಲ್ಲುವುದು. ನಿಂತರೂ ಬಾಲ ಮಾತ್ರ ನಿಲ್ಲುವುದಿಲ್ಲ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಚಳಿಗೆ ನಡುಗುತ್ತಿದೆಯೇನೋ ಅನ್ನಿಸುತ್ತೆ. ಆದರೆ ಹಿಮಾಲಯದ ಕಡೆಯಿಂದ ಬಂದವನಿಗೆ ಮೈಸೂರಿನ ಚಳಿ ಯಾವ ಲೆಕ್ಕ, ಅಲ್ವಾ?

ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತರು. "ಏನ್ ನೋಡ್ತಿದೀಯಪ್ಪಾ?"

"ಕುಂಡೆಕುಸ್ಕ ಸರ್."

ಜೋರಾಗಿ ನಕ್ಕುಬಿಟ್ಟರು. ನಾನು ಸುಮ್ನೆ ಹೆಸರು ಕಟ್ಟಿದೆ ಅಂದುಕೊಂಡರೋ ಏನೋ. ಬಾಲ ತೋರಿಸಿದ ಮೇಲೆ ನಂಬಿದರು. "ಇದು ದಿನಾ ಇಲ್ಲೇ ಇರುತ್ತೆ ಬಿಡಿ" ಅಂದರು. ಇಲ್ಲ ಸರ್, ಬೇಸಿಗೆಗೆ ಹಿಮಾಲಯದ ಕಡೆಗೆ ವಾಪಸ್ ಹೋಗುತ್ತೆ ಅಂದೆ.

"ಇಷ್ಟೇ ಇಷ್ಟುದ್ದ ಇದೆ. ಅಷ್ಟು ದೂರ ಹಾರುತ್ತಾ?"

ಸುಮಾರು 20 ಗ್ರಾಂ ತೂಕ. ನಮ್ಮ ಮನೆ ಸಾಂಬಾರಿಗೆ ಹಾಕುವ ಹುಣಸೆಹಣ್ಣೇ ಅದಕ್ಕಿಂತ ಜಾಸ್ತಿ. ನಾನೋ, ಸರಸ್ವತಿಪುರಂನಿಂದ ಇಲ್ಲಿಗೆ ಬರೋಕೆ ಮೂರು ಸಲ ಅಲಾರಾಂ ಮುಂದೂಡಿದವನು.

ಇನ್ನೊಂದು ಸುತ್ತು ಮುಗಿಸಿ ಅವರು ಮತ್ತೆ ಅಲ್ಲೇ ಬಂದು ನಿಂತರು. ಹಕ್ಕಿ ಇರಲಿಲ್ಲ.

"ಎಲ್ಲಿ ಹೋಯ್ತಪ್ಪಾ ನಮ್ಮ ಕುಂಡೆಕುಸ್ಕ?"