ಟೈರ್ ಕೊಳ್ಳುವ ಮೊದಲು ಕ್ರೌನ್ ವಿಚಾರಿಸಿ

“ಅಣ್ಣಾರ, ಟೈರ್ ದೊಡ್ಡವು ಹಾಕಿಸೀನ್ರಿ. ಗಾಡಿ ಎಳೀವಲ್ದು. ಕ್ರೌನ್ ಎಷ್ಟರದ್ದು ಹಾಕಸ್ಲಿ?”

ಬೆಳಗಾವಿಯಲ್ಲಿ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರ ಎಳೆಯುವ ಪಿಕಪ್ ಇಟ್ಟುಕೊಂಡು ಹನ್ನೊಂದು ವರ್ಷವಾಯಿತು. ಅಷ್ಟೂ ವರ್ಷ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಕಳೆದ ವಾರ ಕೇಳಿದವನು ಮುಧೋಳದ ಹುಡುಗ. ಮನೆಯಲ್ಲಿ ಕಬ್ಬಿನ ಒಕ್ಕಲುತನ. ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡು, 29 ಇಂಚಿನ ಟೈರ್ ಬಿಚ್ಚಿ 31 ಹಾಕಿಸಿದ್ದಾನೆ. ಫೋನಲ್ಲಿ ಒಂದು ನಂಬರ್ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಿಂದಿನ ಎರಡು ಚಕ್ರಗಳ ನಡುವೆ ಗುಂಡಗೆ ಉಬ್ಬಿದ ಹೌಸಿಂಗ್ ಇರುತ್ತದಲ್ಲ, ಅದರೊಳಗೆ ಒಂದು ದೊಡ್ಡ ಹಲ್ಲಿನ ಗಾಲಿ, ಒಂದು ಸಣ್ಣದು. ದೊಡ್ಡದು ಕ್ರೌನ್, ಸಣ್ಣದು ಪಿನಿಯನ್. ಫೋರ್ ಬೈ ಫೋರ್ ಗಾಡಿಯಲ್ಲಿ ಮುಂದಿನ ಚಕ್ರಗಳ ನಡುವೆಯೂ ಇಂಥದ್ದೇ ಒಂದು ಜೊತೆ ಇರುತ್ತದೆ. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 10 ಇದ್ದರೆ ಅದು 4.1. ಚಕ್ರ ಒಂದು ಸುತ್ತು ಬರಬೇಕಾದರೆ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಪಿನಿಯನ್ ತಿರುಗಿಸುವ ಉದ್ದ ದಂಡ, 4.1 ಸುತ್ತು ತಿರುಗಬೇಕು. ನಂಬರ್ ಜಾಸ್ತಿ ಆದಷ್ಟೂ ಎಳೆತ ಜಾಸ್ತಿ, ಓಟ ಕಡಿಮೆ.

ಟೈರ್ ದೊಡ್ಡದಾದರೆ ಒಂದೇ ಸುತ್ತಿನಲ್ಲಿ ಗಾಡಿ ಹೆಚ್ಚು ದೂರ ಹೋಗುತ್ತದೆ. ಅಂದರೆ ಎಂಜಿನ್ ಮೇಲೆ ಭಾರ ಬೀಳುತ್ತದೆ. 4.1 ಕ್ರೌನ್ ಇರುವ ಗಾಡಿಗೆ 29 ತೆಗೆದು 33 ಹಾಕಿದರೆ, ಎಂಜಿನ್ ಪಾಲಿಗೆ ಅದು 3.6ರ ಕ್ರೌನ್ ಹಾಕಿದ ಹಾಗೆ.

ಇದನ್ನು ನಮ್ಮ ಮಾವ ಬಹಳ ದಿನ ಒಪ್ಪಲಿಲ್ಲ. “ಟ್ರ್ಯಾಕ್ಟರಿಗೆ ಆಳೆತ್ತರದ ಗಾಲಿ ಅದಾವು. ಅದು ಎಳೀತೈತಿಲ್ಲ?” ಅನ್ನುತ್ತಿದ್ದರು. ಟ್ರ್ಯಾಕ್ಟರ್ ಎಳೆಯುವುದು ಗಾಲಿ ದೊಡ್ಡದು ಅಂತಲ್ಲ. ಗೇರ್‌ಬಾಕ್ಸಿನಲ್ಲಿ ಒಮ್ಮೆ, ಕ್ರೌನ್‌ನಲ್ಲಿ ಒಮ್ಮೆ, ಅಲ್ಲಿಂದ ಮುಂದೆ ಗಾಲಿಗೆ ಹೋಗುವ ದಾರಿಯಲ್ಲಿ ಇನ್ನೊಮ್ಮೆ ವೇಗ ಇಳಿಸಿರುತ್ತಾರೆ. ಅದಕ್ಕೇ ಆ ದೊಡ್ಡ ಗಾಲಿ ತಿರುಗುತ್ತದೆ. ಪಿಕಪ್‌ನಲ್ಲಿ ಆ ಕೊನೆಯ ಮೆಟ್ಟಿಲು ಇಲ್ಲ. ಇರುವುದೆಲ್ಲ ಕ್ರೌನ್ ಮೇಲೆಯೇ.

ಇನ್ನು ಲೆಕ್ಕ. ಹಳೇ ಕ್ರೌನ್ ನಂಬರನ್ನು ಹೊಸ ಟೈರಿನ ಎತ್ತರದಿಂದ ಗುಣಿಸಿ, ಹಳೇ ಟೈರಿನ ಎತ್ತರದಿಂದ ಭಾಗಿಸಿ. 4.1 ಇಂಟು 33, ಭಾಗ 29. ಸುಮಾರು 4.67 ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಇದರ ಮುಂದೆ. ಹಲ್ಲು ಅರ್ಧ ಕಾಲು ಇರುವುದಿಲ್ಲ, ನಿಮಗೆ ಬೇಕಾದ 4.67 ಅಂಗಡಿಯಲ್ಲಿ ಇರುವುದೂ ಇಲ್ಲ. 41ಕ್ಕೆ 9 ಅಂದರೆ 4.56, 39ಕ್ಕೆ 8 ಅಂದರೆ 4.88. ಅದರಲ್ಲೂ ನಿಮ್ಮ ಹೌಸಿಂಗಿಗೆ ಕೂರುವಂಥದ್ದು ಸಿಗಬೇಕು, ಮುಂದೆ ಹಿಂದೆ ಎರಡಕ್ಕೂ ಒಂದೇ ನಂಬರಿನದು ಸಿಗಬೇಕು. ಅದಕ್ಕೇ ನಾನು ಹೇಳುವುದು, ಟೈರ್ ಕೊಳ್ಳುವ ಮೊದಲು ಯಾವ ಕ್ರೌನ್ ಸಿಗುತ್ತದೆ ವಿಚಾರಿಸಿ. ಸಿಗುವ ಕ್ರೌನ್‌ಗೆ ಹೊಂದುವ ಟೈರ್ ತಗೊಳ್ಳಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ.

33 ಹಾಕಿಸಿ, 4.1 ಹಾಗೇ ಬಿಟ್ಟು, ಮೊದಲ ಮಳೆಗಾಲದಲ್ಲಿ ಗೋವಾಕ್ಕೆ ಹೋಗಿದ್ದೆ. ಜಾಂಬೋಟಿ, ಕಣಕುಂಬಿ ದಾಟಿ ಇಳಿಯುವಾಗ ಏನೂ ತಿಳಿಯಲಿಲ್ಲ. ವಾಪಸ್ ಚೋರ್ಲಾ ಘಾಟ್ ಹತ್ತುವಾಗ ತಿಳಿಯಿತು. ಮೂರನೇ ಗೇರಿಗೆ ಹಾಕಿದರೆ ಎಂಜಿನ್ ಗುದ್ದುತ್ತದೆ, ಎರಡನೇದಕ್ಕೆ ಇಳಿಸಿದರೆ ಕೂಗುತ್ತದೆ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ತಿರುವಿನಲ್ಲಿ ಹಾಫ್ ಕ್ಲಚ್ ಮಾಡಿ ಮಾಡಿ, ಮೇಲೆ ಬರುವಷ್ಟರಲ್ಲಿ ಕ್ಯಾಬಿನ್ ತುಂಬ ಕ್ಲಚ್ ಸುಟ್ಟ ವಾಸನೆ. ಆ ತಿಂಗಳೇ ಪ್ಲೇಟ್ ಹೋಯಿತು.

ಅವತ್ತು ಒಂದು ವಿಷಯ ಸರಿಯಾಗಿ ಅರ್ಥವಾಯಿತು. ಕೆಸರಿಗೆ ಕ್ರೌನ್ ಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಸರಿಗೆ ಫೋರ್ ಲೋ ಇದೆಯಲ್ಲ, ನಾಲ್ಕೂ ಚಕ್ರ ನಿಧಾನಕ್ಕೆ ಜೋರಾಗಿ ಎಳೆಯುವ ಗೇರ್! ಎಂಜಿನ್ನಿನ ಎಳೆತವನ್ನು ಮುಂದೆ ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ 2.5 ಇದ್ದರೆ ಎಳೆತ ಅಲ್ಲೇ ಎರಡೂವರೆ ಪಟ್ಟು ಆಯಿತು. ಮಳೆ ಬಿದ್ದ ಎರಿ ಹೊಲದಲ್ಲಿ ಟೈರಿನ ಗೀರುಗಳಿಗೆ ಮಣ್ಣು ಮೆತ್ತಿಕೊಂಡು ಟೈರ್ ಬೋಳಾಗುತ್ತದೆ. ಅದನ್ನು ಸಿಡಿಸಿ ಒಗೆಯಲು ಚಕ್ರ ಸ್ವಲ್ಪ ಜೋರಾಗಿ ತಿರುಗಲೇಬೇಕು. ಅಲ್ಲಿ ನಂಬರ್ ತೀರಾ ಜಾಸ್ತಿ ಆದರೂ ಕಷ್ಟವೇ. ಆದರೆ ಘಾಟಿನ ಡಾಂಬರಿನ ಮೇಲೆ ಫೋರ್ ಲೋ ಹಾಕಲು ಬರುವುದಿಲ್ಲ. ಅಲ್ಲಿ ಕೈಹಿಡಿಯುವುದು ಕ್ರೌನ್ ಒಂದೇ. ಹಾಗಾಗಿ ನಂಬರ್ ಆರಿಸುವಾಗ ಹೊಲ ಬಿಡಿ, ನೀವು ದಿನಾ ಓಡಿಸುವ ರಸ್ತೆ ನೋಡಿ.

ನನ್ನ ಗಾಡಿಯ ಡೀಸೆಲ್ ಎಂಜಿನ್ 1,800 ಆರ್‌ಪಿಎಂ ದಾಟಿದ ಮೇಲೆ ಚೆನ್ನಾಗಿ ಎಳೆಯುತ್ತದೆ. ಐದನೇ ಗೇರಿನ ಅನುಪಾತ 0.8. ಕಂಪನಿ ಕೊಟ್ಟ 29ರ ಟೈರಿನಲ್ಲಿ 80ರ ವೇಗಕ್ಕೆ ಸುಮಾರು 1,890 ಇತ್ತು. 33 ಹಾಕಿದ ಮೇಲೆ 1,660ಕ್ಕೆ ಇಳಿಯಿತು. 4.56 ಹಾಕಿದರೆ 1,850, 4.88 ಹಾಕಿದರೆ 1,975. ಮುಂದೆ ಕಬ್ಬಿಣದ ಬಂಪರ್, ವಿಂಚ್, ಹಿಂದೆ ಸಾಮಾನು, ತಿಂಗಳಿಗೆರಡು ಸಲ ಘಾಟ್. ನಾನು 4.88 ಹಾಕಿಸಿದೆ. ವಿಜಯಪುರದಿಂದ ಸೊಲ್ಲಾಪುರಕ್ಕೆ ಬಯಲು ಹೈವೇಯಲ್ಲಿ ದಿನಾ ಓಡಾಡುವವರಿಗೆ 4.56 ಸಾಕು, ಡೀಸೆಲ್ಲೂ ಉಳಿಯುತ್ತದೆ. ಸುಮ್ನೆ ಇನ್ನೂ ಮೇಲೆ ಹೋಗಬೇಡಿ. ಹಲ್ಲು ಕಡಿಮೆಯಾದಂತೆ ಪಿನಿಯನ್ ತಲೆ ಸಣ್ಣದಾಗುತ್ತದೆ, ಮುರಿಯುವ ಭಯವೂ ಜಾಸ್ತಿ.

ದುಡ್ಡು ಉಳಿಸಲು ಹಿಂದಿನದು ಮಾತ್ರ ಬದಲಿಸುವವರಿದ್ದಾರೆ. ದಯವಿಟ್ಟು ಬೇಡ. ಹಿಂದೆ 4.56, ಮುಂದೆ 4.1 ಇದ್ದರೆ ಫೋರ್ ಬೈ ಫೋರ್ ಹಾಕಿದಾಗ ಹಿಂದಿನ ಚಕ್ರ 100 ಮೀಟರ್ ಹೋದರೆ ಮುಂದಿನದು 111 ಮೀಟರ್ ಹೋಗಲು ನೋಡುತ್ತದೆ. ಜಮಖಂಡಿಯ ಗೆಳೆಯನ ಗಾಡಿಯಲ್ಲಿ ಒಂದು ಗ್ಯಾರೇಜಿನವರು ಹೀಗೇ ಮಾಡಿ ಕಳಿಸಿದ್ದರು. ಕೆಸರಲ್ಲಿ ಚಕ್ರ ಜಾರಿ ಹೇಗೋ ನಡೆಯಿತು. ಡಾಂಬರಿಗೆ ಹತ್ತಿದ ಕೂಡಲೇ ಟ್ರಾನ್ಸ್‌ಫರ್ ಕೇಸಿನ ಚೈನ್ ತುಂಡಾಯಿತು.

ಕೂರಿಸುವ ಕೆಲಸ ನಾಜೂಕು. ಉದ್ಯಮಬಾಗದಲ್ಲಿ ನನ್ನ ಗಾಡಿಗೆ ಕ್ರೌನ್ ಕೂರಿಸಿದ ಮಿಸ್ತ್ರಿ ಹಲ್ಲಿಗೆ ನೀಲಿ ಬಣ್ಣ ಹಚ್ಚಿ, ಕೈಯಿಂದ ತಿರುಗಿಸಿ, ಬಣ್ಣ ಎಲ್ಲಿ ಅಳಿಸಿದೆ ಅಂತ ಬ್ಯಾಟರಿ ಹಿಡಿದು ನೋಡುತ್ತಿದ್ದರು. ಗುರುತು ಹಲ್ಲಿನ ನಡುವೆ ಬೀಳಬೇಕು. ಬುಡಕ್ಕೆ ಬಿತ್ತು. ಪಿನಿಯನ್ ಬಿಚ್ಚಿ ಶಿಮ್, ಅಂದರೆ ಒಳಗೆ ಕೊಡುವ ತೆಳು ಬಿಲ್ಲೆ, ಬದಲಿಸಿದರು. ಹೀಗೆ ನಾಲ್ಕು ಸಲ. ಸಂಜೆವರೆಗೆ ಒಂದೇ ಹೌಸಿಂಗ್ ಆಯಿತು. ಎರಡು ಹಲ್ಲುಗಳ ನಡುವಿನ ಸಡಿಲ ಕೂದಲೆಳೆಯಷ್ಟು, 0.15ರಿಂದ 0.25 ಮಿಲಿಮೀಟರ್. ಅದನ್ನು ಡಯಲ್ ಗೇಜ್ ಇಟ್ಟು ನೋಡದೆ ಕೈ ಅಂದಾಜಿನಲ್ಲಿ ಕೂರಿಸುವವರ ಹತ್ತಿರ ಹೋಗಬೇಡಿ. ಮೊದಲ ದಿನ 25–30 ಕಿಲೋಮೀಟರ್ ಮೆಲ್ಲಗೆ ಓಡಿಸಿ, ಆರಲು ಬಿಡಿ. 800 ಕಿಲೋಮೀಟರಿಗೆ ಆಯಿಲ್ ಬದಲಿಸಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಆರ್‌ಟಿಒ ಮತ್ತು ಇನ್ಶುರೆನ್ಸ್‌ನವರನ್ನು ಮೊದಲೇ ಕೇಳಿ.

ಮುಧೋಳದ ಹುಡುಗನಿಗೆ ನಾನು ನಂಬರ್ ಹೇಳಲಿಲ್ಲ, ಒಂದು ಕೆಲಸ ಹೇಳಿದೆ. ಮುಂದಿನ ಚಕ್ರಕ್ಕೆ ಕಲ್ಲು ಕೊಡು, ನ್ಯೂಟ್ರಲ್ ಮಾಡು, ಹಿಂದಿನ ಒಂದೇ ಚಕ್ರ ಜಾಕ್ ಹಚ್ಚಿ ಎತ್ತು, ಕೆಳಗೆ ಸ್ಟ್ಯಾಂಡ್ ಇಡು. ಹ್ಯಾಂಡ್‌ಬ್ರೇಕ್ ಬಿಡು. ಶಾಫ್ಟಿಗೆ ಸುಣ್ಣದ ಗೆರೆ ಎಳೆ. ಎತ್ತಿದ ಚಕ್ರ 20 ಸುತ್ತು ತಿರುಗಿಸು, ಶಾಫ್ಟ್ ಎಷ್ಟು ತಿರುಗಿತು ಎಣಿಸು. ಇನ್ನೊಂದು ಚಕ್ರ ನಿಂತಿರುವುದರಿಂದ ಇಪ್ಪತ್ತು ಸುತ್ತು ಹತ್ತಕ್ಕೆ ಸಮ. 41 ಬಂದರೆ 4.1.

ಮಾರಿದವರು 4.1 ಅಂದಿದ್ದರಂತೆ. ಅವನು ತಮ್ಮನನ್ನು ಕರೆದುಕೊಂಡು ಎರಡು ಸಲ ಎಣಿಸಿದ. ಎರಡು ಸಲವೂ 39. ಅಂದರೆ ಒಳಗೆ ಇರುವುದು 3.9. ಅದನ್ನು 31ರಿಂದ ಗುಣಿಸಿ 29ರಿಂದ ಭಾಗಿಸಿದರೆ 4.17. ಅವನಿಗೆ ಬೇಕಾಗಿರುವುದು ಬರೀ ಒಂದು ಜೊತೆ 4.1 ಸೆಟ್, ಮುಂದಕ್ಕೊಂದು, ಹಿಂದಕ್ಕೊಂದು. ಸದ್ಯ ಅದನ್ನೇ ಹುಡುಕುತ್ತಿದ್ದೇವೆ.